ರೆಕ್ಕೆಯೊಳಗಿನ ಬಿಳಿ ಪುಡಿ: ಕಡಿಮೆ ಹಾರಿದ ಹಳೇ ವಿಮಾನದ ಮೇಲೇ ಹೆಚ್ಚು ಅನುಮಾನ ಏಕೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಎಂದು. ಹಳೇ ಸಣ್ಣ ವಿಮಾನ ಕೊಳ್ಳುವವರು ಕೇಳುವುದೂ ಅದನ್ನೇ. ಕಿಲೋಮೀಟರ್ ಜಾಗದಲ್ಲಿ ಗಂಟೆ ಬರುತ್ತದೆ, ಅಷ್ಟೇ. 1979ರ ಮಾಡೆಲ್, ಹಾರಿರುವುದು ನಾಲ್ಕೇ ಸಾವಿರ ಗಂಟೆ ಎಂದರೆ ಕೇಳಿದವರ ಮುಖ ಅರಳುತ್ತದೆ. ಅರಳಬಾರದು. ಸರಾಸರಿ ಹಾಕಿದರೆ ವರ್ಷಕ್ಕೆ ತೊಂಬತ್ತು ಗಂಟೆಯೂ ಬೀಳುವುದಿಲ್ಲ. ವರ್ಷಕ್ಕೆ 8,760 ಗಂಟೆ. ಮಿಕ್ಕ ಎಂಟು ಸಾವಿರದ ಆರುನೂರು ಚಿಲ್ಲರೆ ಗಂಟೆ ಅದು ಎಲ್ಲಿ ನಿಂತಿತ್ತು? ಬಯಲಲ್ಲೋ, ಶೆಡ್ಡಿನಲ್ಲೋ, ಕಡಲ ಪಕ್ಕದಲ್ಲೋ? ಅಲ್ಯುಮಿನಿಯಂ ಲೆಕ್ಕ ಇಡುವುದು ಆ ಗಂಟೆಗಳನ್ನು.

ಹೊಸೂರಿನಲ್ಲಿ ಈಗ ವಿಮಾನದ ಮಾತು ಎಂದರೆ ಜಮೀನಿನ ರೇಟಿನ ಮಾತು. 2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಇಲ್ಲಿ 2,000 ಎಕರೆಯ ಅಂತರರಾಷ್ಟ್ರೀಯ ನಿಲ್ದಾಣ ಬರುತ್ತದೆ ಎಂದು ಪ್ರಕಟಿಸಿತು. ಅಲ್ಲಿಂದ ಟೀ ಅಂಗಡಿಯಲ್ಲೂ ಅದೇ ಚರ್ಚೆ. ಆದರೆ ಬೆಳಗೊಂಡಪಲ್ಲಿಯಲ್ಲಿ ಸುಮಾರು 7,000 ಅಡಿಯ ಖಾಸಗಿ ರನ್‌ವೇ ಮೊದಲಿನಿಂದಲೂ ಇದೆ. ಇಟಲಿಯ ಪಾರ್ಟೆನಾವಿಯಾ ವಿನ್ಯಾಸದ ಎರಡು ಎಂಜಿನ್‌ನ ಪಿ68ಸಿ ವಿಮಾನವನ್ನು ಪರವಾನಗಿ ಪಡೆದು ಇಲ್ಲೇ ಕಟ್ಟಿದ್ದರು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ತರಬೇತಿ ವಿಮಾನ ಹಂಸ-3 ಕೂಡ ಇಲ್ಲಿ ತಯಾರಾಯಿತು. ಸಣ್ಣ ವಿಮಾನದ ರಿವೆಟ್ಟು, ತಗಡು, ಸ್ಪಾರು (ರೆಕ್ಕೆಯ ಉದ್ದಕ್ಕೂ ಹಾಯುವ, ಭಾರ ಹೊರುವ ತೊಲೆ) ಈ ಊರಿಗೆ ಹೊಸದಲ್ಲ.

ವಿಷಯ ಈಗ ತುರ್ತಾಗಿರುವುದಕ್ಕೆ ಕಾರಣ ಬೇರೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಪ್ರಕಟಿಸಿದವು. ಆ ವಿಮಾನಗಳನ್ನು ಹಾರಿಸಬೇಕಾದ ಹುಡುಗ ಹುಡುಗಿಯರು ಕಲಿಯುವುದು ಸೆಸ್ನಾ 152, 172, ಪೈಪರ್ ಪಿಎ-28ರಂಥ ಸಣ್ಣ ವಿಮಾನಗಳಲ್ಲಿ. ಸೆಸ್ನಾ 152ರ ತಯಾರಿಕೆ 1985ರಲ್ಲೇ ನಿಂತುಹೋಯಿತು. ಅಂದರೆ ಇಂದು ತರಬೇತಿ ಶಾಲೆಯಲ್ಲಿ ದುಡಿಯುತ್ತಿರುವ ಅತ್ಯಂತ ಕಿರಿಯ 152ಕ್ಕೂ ನಲವತ್ತು ದಾಟಿದೆ, ಕಲಿಯುವವರ ವಯಸ್ಸಿನ ಎರಡರಷ್ಟು. ಹೊಸದು ದುಬಾರಿ, ಕಾಯಬೇಕು ಬೇರೆ. ಹಾಗಾಗಿ ಎಲ್ಲೋ ಮೂಲೆಯಲ್ಲಿ ನಿಂತಿದ್ದ ವಿಮಾನಗಳನ್ನು ಹುಡುಕಿ, ಎಂಜಿನ್ ಓವರ್‌ಹಾಲ್ ಮಾಡಿಸಿ, ಬಣ್ಣ ಬಳಿದು ಹೊರಗೆ ತರುತ್ತಾರೆ. ಎಂಜಿನ್ ಹೊಸದಾಗುತ್ತದೆ, ಬಣ್ಣವೂ ಹೊಸದಾಗುತ್ತದೆ. ರೆಕ್ಕೆಯೊಳಗಿನ ತೊಲೆ ಮಾತ್ರ ಅದೇ ಹಳೆಯದು.

ಎರಡು ಗಡಿಯಾರ

2018ರ ಏಪ್ರಿಲ್ 4ರಂದು ಅಮೆರಿಕದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ಆರೋ ವಿಮಾನದ ಎಡರೆಕ್ಕೆ ಟೇಕಾಫ್ ಆದ ಕೂಡಲೇ ಕಳಚಿ ಬಿತ್ತು, ಇಬ್ಬರು ಸತ್ತರು. ಅದು 2007ರಲ್ಲಿ ತಯಾರಾದ ವಿಮಾನ, ಹಾರಿದ್ದು ಸುಮಾರು 7,700 ಗಂಟೆ. ಸ್ಪಾರ್‌ನ ಕೆಳಗಿನ ಕ್ಯಾಪಿನಲ್ಲಿ, ಅಂದರೆ ತೊಲೆಯ ಕೆಳ ಅಂಚಿನ ಪಟ್ಟಿಯಲ್ಲಿ, ಬೋಲ್ಟ್ ತೂತಿನಿಂದ ಹೊರಟ ದಣಿವಿನ ಬಿರುಕು, ಅಂದರೆ ಫಟೀಗ್ ಕ್ರ್ಯಾಕ್, ಅದಕ್ಕೆ ಕಾರಣ. ದಿನವಿಡೀ ಇಳಿಸುವುದು, ಏರಿಸುವುದು, ಲೋಹ ದಣಿಯಿತು. ಗಂಟೆಯ ಗಡಿಯಾರ ಹಿಡಿಯಬೇಕಾದ ದೋಷ ಅದು.

2019ರ ಮೇ 26ರಂದು ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿ ಇನ್ನೊಂದು ನಡೆಯಿತು. ಭೂಸರ್ವೆಗಾಗಿ ತಗ್ಗಿನಲ್ಲಿ ಹಾರುತ್ತಿದ್ದ ಸೆಸ್ನಾ ಟಿ210ಎಂ ಗಾಳಿಯಲ್ಲೇ ಮುರಿದುಬಿತ್ತು; ಇದರಲ್ಲೂ ಇಬ್ಬರು. ಎರಡು ರೆಕ್ಕೆಗಳನ್ನು ಜೋಡಿಸುವ, ಕ್ಯಾಬಿನ್ ನೆತ್ತಿಯಲ್ಲಿ ಅಡ್ಡ ಹಾಯುವ ಸ್ಪಾರ್ ತುಂಡಾಗಿತ್ತು. ಅದೂ ಫಟೀಗ್ ಬಿರುಕೇ, ಆದರೆ ಅದು ಹುಟ್ಟಿದ್ದು ಕರೋಷನ್ (ಲೋಹ ತಿಂದುಹೋಗಿ ಬಿಳಿ ಪುಡಿಯಾಗುವುದು) ಕೊರೆದ ಒಂದು ಸಣ್ಣ ಕುಳಿಯಲ್ಲಿ. ತನಿಖೆಯ ನಂತರ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2020ರಲ್ಲಿ 210ರ ಹಲವು ಮಾಡೆಲ್‌ಗಳಿಗೆ ಕಣ್ಣಿನ ತಪಾಸಣೆ ಮತ್ತು ಎಡಿ ಕರೆಂಟ್ ಪರೀಕ್ಷೆ (ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಬಿರುಕು ಹುಡುಕುವುದು) ಕಡ್ಡಾಯ ಮಾಡಿತು.

ಎರಡರಲ್ಲೂ ಕಡೆಗೆ ಮುರಿದದ್ದು ಸ್ಪಾರ್‌ನ ಕೆಳಭಾಗ. ಆರಂಭ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಹಾರಿದ ಗಂಟೆ ಬೇಕಾಯಿತು. ಎರಡನೆಯದರ ಕುಳಿ ನಿಂತಲ್ಲೇ ಬೆಳೆಯಬಲ್ಲದು, ಅದರ ಗಡಿಯಾರ ಕ್ಯಾಲೆಂಡರ್. ವಿಮಾನ ಹಾರದಿದ್ದರೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಹಾರುವ ವಿಮಾನದ ಹೊಟ್ಟೆಯಲ್ಲಿ ಗಾಳಿ ಆಡುತ್ತದೆ, ನೂರು ಗಂಟೆಗೊಮ್ಮೆ ಯಾರಾದರೂ ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ. ನಿಂತ ವಿಮಾನಕ್ಕೆ ಇಲಿ ಮಾತ್ರ ಭೇಟಿ ಕೊಡುತ್ತದೆ.

ತಗಡಿಗೆ ಅಂಗಿ ಇದೆ, ತೊಲೆಗಿಲ್ಲ

ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಅಲ್ಯುಮಿನಿಯಂಗೆ ಏನು ಹಿಡಿಯುತ್ತದೆ ಎಂದರೆ ನಮ್ಮಲ್ಲಿ ಪದ ತಡವರಿಸುತ್ತದೆ. ಹ್ಯಾಂಗರ್‌ನಲ್ಲಿ ಎಲ್ಲರೂ ‘ಕರೋಷನ್’ ಎಂದೇ ಅನ್ನುತ್ತಾರೆ. ‘ಅಲ್ಯುಮಿನಿಯಂ ತುಕ್ಕು ಹಿಡಿಯಲ್ಲ’ ಎಂಬ ನಂಬಿಕೆಗೂ ಈ ಪದದ ಕೊರತೆಗೂ ಸಂಬಂಧ ಇದ್ದರೂ ಇರಬಹುದು. ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಉಪ್ಪು ಹುಳಿ ಹಾಕಿದ ಸಾರನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಳದಲ್ಲಿ ಬಿಳಿ ಚುಕ್ಕೆ. ಕೆಲವು ತಿಂಗಳು ಹಾಗೇ ಮಾಡಿದರೆ ಸೂಜಿಮೊನೆಯ ತೂತು, ಪಾತ್ರೆ ಒಸರುತ್ತದೆ. ಪಾತ್ರೆಯ ಮಿಕ್ಕ ಭಾಗವೆಲ್ಲ ಫಳಫಳ. ರೆಕ್ಕೆಯಲ್ಲಿ ಆಗುವುದೂ ಇದೇ: ಹರಡಿ ತಿನ್ನುವುದಿಲ್ಲ, ಒಂದೇ ಕಡೆ ಕೊರೆಯುತ್ತದೆ.

ಶುದ್ಧ ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಆದರೆ ಶುದ್ಧ ಅಲ್ಯುಮಿನಿಯಂ ಮೆದು, ರೆಕ್ಕೆ ಕಟ್ಟಲು ಬರುವುದಿಲ್ಲ. ಗಟ್ಟಿ ಮಾಡಲು ತಾಮ್ರ ಬೆರೆಸುತ್ತಾರೆ. ಸಣ್ಣ ವಿಮಾನಗಳಲ್ಲಿ ಎಲ್ಲೆಲ್ಲೂ ಕಾಣುವ 2024 ಎಂಬ ಮಿಶ್ರಲೋಹದಲ್ಲಿ (ಇದು ಇಸವಿಯಲ್ಲ, ಲೋಹದ ಹೆಸರು) ತಾಮ್ರ ಶೇ. 4ರ ಆಸುಪಾಸು ಇರುತ್ತದೆ. ಗಟ್ಟಿತನ ಕೊಡುವ ಆ ತಾಮ್ರವೇ ತೇವ ಸಿಕ್ಕಾಗ ಪಕ್ಕದ ಅಲ್ಯುಮಿನಿಯಂ ಜೊತೆ ಸೇರಿ ಲಕ್ಷಾಂತರ ಪುಟಾಣಿ ಬ್ಯಾಟರಿ ಸೆಲ್‌ಗಳಾಗುತ್ತದೆ. ಪ್ರತಿ ಸೆಲ್ಲಿನಲ್ಲೂ ಕರಗುವುದು ಅಲ್ಯುಮಿನಿಯಂ.

ಇದಕ್ಕೆ ಪರಿಹಾರ ಆಲ್‌ಕ್ಲ್ಯಾಡ್. 2024ರ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಂ ಪದರವನ್ನು ಒತ್ತಿ ಕೂರಿಸುತ್ತಾರೆ. ತೆಳು ತಗಡಿನಲ್ಲಿ ಒಂದೊಂದು ಬದಿಗೆ ಒಟ್ಟು ದಪ್ಪದ ಶೇ. 5ರಷ್ಟು. ಈ ಅಂಗಿಯ ಭರವಸೆಯ ಮೇಲೆ 1950, 60, 70ರ ದಶಕದ ಎಷ್ಟೋ ವಿಮಾನಗಳ ರೆಕ್ಕೆಯೊಳಗೆ ಪ್ರೈಮರ್ ಕೂಡ ಹೊಡೆಯದೆ ಕಾರ್ಖಾನೆಯಿಂದ ಕಳಿಸಿದರು. ತೂಕ ಉಳಿಯಿತು, ದುಡ್ಡೂ ಉಳಿಯಿತು. ಹದಿನೈದಿಪ್ಪತ್ತು ವರ್ಷ ಹಾರಿದರೆ ಸಾಕು ಎನ್ನುವ ಕಾಲದ ಲೆಕ್ಕಾಚಾರ ಅದು. ಐವತ್ತು ವರ್ಷ ಆದಮೇಲೂ ಅದರಲ್ಲಿ ಮಕ್ಕಳು ಕಲಿಯುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ.

ಎಡವಟ್ಟು ಇರುವುದು ಇಲ್ಲಿ: ಆಲ್‌ಕ್ಲ್ಯಾಡ್ ಅಂಗಿ ತಗಡಿಗೆ ಮಾತ್ರ. ಸ್ಪಾರ್ ಕ್ಯಾಪ್ ತಗಡಲ್ಲ, ಅಚ್ಚಿನಿಂದ ಒತ್ತಿ ಹೊರತೆಗೆದ ಉದ್ದನೆಯ ಪಟ್ಟಿ. ಅದಕ್ಕೆ ಈ ಪದರ ಇರುವುದಿಲ್ಲ. ಒತ್ತುವಾಗ ಲೋಹದ ಕಣಗಳು ಉದ್ದುದ್ದಕ್ಕೆ ಎಳೆದು ನಾರಿನಂತಾಗುತ್ತವೆ. ಕೊರೆದ ತೂತಿನ ಅಂಚಿನಲ್ಲಿ ಆ ನಾರಿನ ತುದಿಗಳು ಬಯಲಾಗುತ್ತವೆ. ಕರೋಷನ್ ಒಳನುಗ್ಗುವುದು ಅಲ್ಲಿಂದ. ನುಗ್ಗಿದ್ದು ನಾರುಗಳ ನಡುವೆ ಸಾಗುತ್ತದೆ. ಹುಟ್ಟಿದ ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಒಳಗಿಂದ ಒದ್ದು ಚಿರೋಟಿಯ ಹಾಗೆ ಪದರ ಪದರ ಎಬ್ಬಿಸುತ್ತದೆ. ಇದಕ್ಕೆ ಎಕ್ಸ್‌ಫೋಲಿಯೇಷನ್ ಎಂದು ಹೆಸರು. ಇದು ಕಂಡ ಕ್ಯಾಪ್‌ ಬಹುತೇಕ ಬದಲಾಯಿಸುವುದಕ್ಕೇ ಹೋಗುತ್ತದೆ. ಉಜ್ಜಿ ಸರಿ ಮಾಡುವ ಮಾತು ಕಷ್ಟ.

ಒಟ್ಟಿನಲ್ಲಿ ಹೊರಗೆ ಕಾಣುವ ಭಾಗಕ್ಕೆ ರಕ್ಷಣೆ ಇದೆ, ಕಾಣದ ಭಾಗಕ್ಕೆ ಇಲ್ಲ. ಹೊರಗಿನ ತಗಡು ಚೆನ್ನಾಗಿದೆ ಎಂದು ಒಳಗಿನ ತೊಲೆಗೆ ಸರ್ಟಿಫಿಕೇಟ್ ಕೊಡುವುದು ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ ಪೇಂಟ್ ನೋಡಿ ದುಡ್ಡು ಕೊಟ್ಟಂತೆ.

ನೀರು ಎಲ್ಲಿಂದ ಬರುತ್ತದೆ

ಮಳೆ ಒಂದೇ ಅಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು. ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ಬಯಲಲ್ಲಿ ನಿಂತ ರೆಕ್ಕೆಯ ಮೇಲ್ತಗಡು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. 20 ಡಿಗ್ರಿಯ, ಶೇ. 90 ತೇವ ಇರುವ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 15.5 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 14 ಡಿಗ್ರಿಗೆ ಇಳಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು 12 ಗ್ರಾಂ. ಉಳಿದ ಮೂರೂವರೆ ಗ್ರಾಂ ಒಳಮೈಗೆ ಇಬ್ಬನಿಯಾಗಿ ಕೂರುತ್ತದೆ. ಬೆಳಗ್ಗೆ ಬಿಸಿಲೇರಿದಾಗ ರೆಕ್ಕೆ ಗಾಳಿಯನ್ನು ಹೊರಬಿಡುತ್ತದೆ, ಸಂಜೆ ಹೊಸ ಗಾಳಿ ಎಳೆದುಕೊಳ್ಳುತ್ತದೆ. ದಿನವೂ ಒಂದು ಟೀ ಚಮಚಕ್ಕೂ ಕಡಿಮೆ, ನಿಜ. ಆದರೆ ಎಷ್ಟು ಚಳಿಗಾಲ?

ಆ ಹನಿಗಳು ಇಳಿದು ಸೇರುವುದು ಕೆಳಗಿನ ಕ್ಯಾಪಿನ ಮೂಲೆಗೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಎಳೆತದ ಭಾರ ಹೊರುವುದೂ ಅದೇ ಕೆಳಗಿನ ಕ್ಯಾಪ್. ನೆಲದ ಮೇಲಿರುವಾಗ ಅತಿ ಹೆಚ್ಚು ಒದ್ದೆಯಾಗುವ ಜಾಗ, ಗಾಳಿಯಲ್ಲಿ ಅತಿ ಹೆಚ್ಚು ಎಳೆತಕ್ಕೆ ಸಿಗುವ ಜಾಗವೂ ಹೌದು. ಮೌಂಟ್ ಐಸಾದ ಸಣ್ಣ ಕುಳಿ ಅಷ್ಟು ಅಪಾಯಕಾರಿ ಆದದ್ದು ಈ ಕಾರಣಕ್ಕೆ.

ಇನ್ನು ಕಡಲತೀರದಲ್ಲಿ ಬೆಳೆದ ವಿಮಾನ. ಕಾಸರಗೋಡು, ಮಂಗಳೂರು ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಡುಗೆ ಉಪ್ಪು ಗಾಳಿಯ ತೇವ ಶೇ. 75 ದಾಟಿದರೆ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಜೊತೆಗೆ ಇರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ಅಂದರೆ ಕರಾವಳಿಯಲ್ಲಿ ಹತ್ತು ವರ್ಷ ನಿಂತ ವಿಮಾನವನ್ನು ಹೊಸೂರಿನ ಒಣಹವೆಗೆ ತಂದು ನಿಲ್ಲಿಸಿದರೂ ಅದರ ಸಂದುಗಳಲ್ಲಿ ಕೂತ ಉಪ್ಪು ಇಲ್ಲಿನ ಗಾಳಿಯಿಂದಲೇ ನೀರು ಹೀರಿ ಒದ್ದೆಯಾಗಿರುತ್ತದೆ. ‘ಈಗ ಒಣ ಜಾಗದಲ್ಲಿದೆ’ ಎನ್ನುವುದು ಉತ್ತರವಲ್ಲ. ‘ಮೊದಲು ಎಲ್ಲಿತ್ತು’ ಎಂಬುದೇ ಪ್ರಶ್ನೆ.

ಅಡಗುದಾಣಗಳಲ್ಲಿ ಕೆಲವನ್ನಾದರೂ ಹೇಳಬೇಕು. ಸೆಸ್ನಾ 210ರಲ್ಲಿ ಸದ್ದು ತಗ್ಗಿಸಲು ಆ ನೆತ್ತಿಯ ಸ್ಪಾರ್‌ಗೇ ಫೋಮ್ ಅಂಟಿಸಿದ್ದರು. ಫೋಮ್ ಸ್ಪಂಜಿನಂತೆ ನೀರು ಹಿಡಿದಿಟ್ಟಿತು, ಕಣ್ಣಿಗೂ ಮರೆಯಾಯಿತು. ಪೈಪರ್ ಪಿಎ-28ರಲ್ಲಿ ರೆಕ್ಕೆಯ ಮುಂಚೂಣಿಯೇ ಇಂಧನ ಟ್ಯಾಂಕು. ಸ್ಕ್ರೂ ಬಿಚ್ಚಿ ಟ್ಯಾಂಕ್ ಇಳಿಸದ ಹೊರತು ಹಿಂದಿರುವ ಸ್ಪಾರ್‌ನ ಮುಂಬದಿ ಕಾಣದು. 2020ರ ಕೊನೆಯಲ್ಲಿ ಎಫ್‌ಎಎ ಪಿಎ-28, ಪಿಎ-32 ವಿಮಾನಗಳ ಮುಖ್ಯ ಸ್ಪಾರ್‌ಗಳಲ್ಲಿ ಕರೋಷನ್ ನೋಡಲು ಆದೇಶಿಸಿದಾಗ, ಎಷ್ಟೋ ವಿಮಾನಗಳಲ್ಲಿ ನೋಡಲು ಕಿಂಡಿಯೇ ಇರಲಿಲ್ಲ. ಕೆಳತಗಡಿನಲ್ಲಿ ಹೊಸದಾಗಿ ಕೊರೆದು ಮುಚ್ಚಳ ಕೂರಿಸಬೇಕಾಯಿತು. ಇಲಿಗೂಡು ಇನ್ನೊಂದು. ಹುಲ್ಲು, ಹತ್ತಿ ತೇವ ಹಿಡಿಯುತ್ತವೆ, ಮೂತ್ರ ನೇರವಾಗಿ ಲೋಹ ತಿನ್ನುತ್ತದೆ; ಗೂಡು ತೆಗೆದು ಒರೆಸಿದರೆ ಮುಗಿಯಲಿಲ್ಲ, ಅದರಡಿಯ ರಿವೆಟ್ ಸಾಲನ್ನು ಒಂದೊಂದಾಗಿ ನೋಡಬೇಕು. ಉಕ್ಕಿನ ಬೋಲ್ಟ್ ಅಲ್ಯುಮಿನಿಯಂ ತೂತಿನಲ್ಲಿ ಕೂತ ಕಡೆ, ಬೋಲ್ಟಿನ ಕ್ಯಾಡ್ಮಿಯಂ ಲೇಪ ಸವೆದಿದ್ದರೆ, ಅಲ್ಲಿ ಇನ್ನೊಂದು ಬ್ಯಾಟರಿ.

ಹಂಸದಂಥ ಗಾಜಿನಾರಿನ ರೆಕ್ಕೆಗೆ ಈ ಕಾಟ ಬಹುಪಾಲು ಇಲ್ಲ, ಅದರ ಲೋಹದ ಫಿಟ್ಟಿಂಗ್‌ಗಳನ್ನು ಬಿಟ್ಟರೆ.

ನೋಡುವುದು ಹೇಗೆ

ಮೊದಲು ಲಾಗ್‌ಬುಕ್. ಯಾವ ಊರು, ಎಷ್ಟು ವರ್ಷ, ಯಾವಾಗ ಹಾರಾಟ ಪೂರ್ತಿ ನಿಂತಿತ್ತು, ಟ್ಯಾಂಕ್ ಎಂದಾದರೂ ಇಳಿಸಿದ್ದರೇ, ರೆಕ್ಕೆಗೆ ಪ್ಯಾಚ್ ಹಾಕಿದ್ದರೇ. ಮೂರು ವರ್ಷ ಒಂದೂ ಎಂಟ್ರಿ ಇಲ್ಲದ ಪುಟವೇ ಅತಿ ಮುಖ್ಯವಾದ ಪುಟ.

ಆಮೇಲೆ ಹೊರಮೈ. ಮಧ್ಯಾಹ್ನದ ಬೆಳಕಲ್ಲಿ ಏನೂ ಕಾಣುವುದಿಲ್ಲ. ಸಂಜೆ ಶೆಡ್ಡಿನೊಳಗೆ ಟಾರ್ಚನ್ನು ತಗಡಿಗೆ ಹೆಚ್ಚುಕಮ್ಮಿ ಒರಗಿಸಿ ಹಿಡಿದು ಉದ್ದಕ್ಕೆ ನೋಡಬೇಕು. ಎರಡು ರಿವೆಟ್‌ಗಳ ನಡುವೆ ತಗಡು ದಿಂಬಿನ ಹಾಗೆ ಉಬ್ಬಿದ್ದರೆ ಒಳಗೆ ಪುಡಿ ಸೇರಿ ದೂಡುತ್ತಿದೆ ಎಂದರ್ಥ. ರಿವೆಟ್ ಸುತ್ತ ಗಾಳಿ ಬೀಸುವ ದಿಕ್ಕಿಗೆ ಕಪ್ಪು ಗೆರೆ ಎಳೆದಿದ್ದರೆ ರಿವೆಟ್ ಸಡಿಲ. ಬಣ್ಣದಡಿಯಲ್ಲಿ ಎರೆಹುಳು ಹರಿದಂಥ ಗೆರೆ ಇದ್ದರೆ ಅಲ್ಲಿ ಬಣ್ಣ ಬಳಿಯುವ ಮುನ್ನ ಮೈ ತೊಳೆದಿಲ್ಲ. ನೀಲಿ ಕಲೆ ಇದ್ದರೆ 100ಎಲ್‌ಎಲ್ ಎಂಬ ನೀಲಿ ಬಣ್ಣದ ವಿಮಾನ ಪೆಟ್ರೋಲು ಒಸರಿದೆ. ಈ ನೀಲಿ ಕಲೆಯನ್ನು ಸೀಲಂಟ್ ಮೆತ್ತಿ ಮುಚ್ಚುವ ಚಾಳಿ ಎಲ್ಲ ಕಡೆ ಇದೆ. 2005ರ ಡಿಸೆಂಬರ್ 19ರಂದು ಮಯಾಮಿಯಲ್ಲಿ ಬಲರೆಕ್ಕೆ ಕಳಚಿ 20 ಜನ ಸತ್ತ ಗ್ರಮ್ಮನ್ ಮ್ಯಾಲರ್ಡ್ 1947ರ ವಿಮಾನ. ಅದರ ರೆಕ್ಕೆಯಿಂದ ಇಂಧನ ಪದೇ ಪದೇ ಸೋರಿತ್ತು, ಪದೇ ಪದೇ ಮುಚ್ಚಿದ್ದರು. ಸೋರಿಕೆ ಬಿರುಕಿನ ಸುದ್ದಿ ತಂದಿತ್ತು.

ಬಳಿಕ ಮುಚ್ಚಳ ಬಿಚ್ಚಿ ಬೋರ್‌ಸ್ಕೋಪ್. ಫೋನಿಗೆ ಸಿಕ್ಕಿಸುವ ಕ್ಯಾಮೆರಾ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕೊಳ್ಳುವ ಮುನ್ನ ಮೊದಲ ನೋಟಕ್ಕೆ ಸಾಕು. ಕೆಳಗಿನ ಕ್ಯಾಪಿನ ಉದ್ದಕ್ಕೂ ಹೋಗಿ. ಆರೋಗ್ಯವಾಗಿರುವ ಲೋಹ ಮಂಕಾದ ಬೂದು, ಅದರ ಮೇಲೆ ಕಾರ್ಖಾನೆಯ ಅಕ್ಷರಗಳು ಇನ್ನೂ ಓದಲು ಬರುತ್ತವೆ. ಅಕ್ಷರ ಅಳಿಸಿ, ರಿವೆಟ್ ತಲೆಯ ಸುತ್ತ ರಂಗೋಲಿ ಪುಡಿ ಉದುರಿದಂತೆ ಬಿಳಿ ಉಂಗುರ ಕಂಡರೆ ಅಲ್ಲಿ ನಿಲ್ಲಬೇಕು. ಧೂಳೂ ಹಾಗೇ ಕಾಣುತ್ತದೆ. ಒಣ ಬ್ರಷ್‌ನಿಂದ ಗುಡಿಸಿದರೆ ಧೂಳು ಹೋಗುತ್ತದೆ, ಕರೋಷನ್ ಹೋಗುವುದಿಲ್ಲ. ಒಂದು ಮಿತಿ ನೆನಪಿರಲಿ: ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ. ಎರಡು ಲೋಹ ಮುಖಾಮುಖಿ ಕೂತ ಸಂದಿನೊಳಗೆ ಅದು ಹೋಗದು.

ಅಲ್ಲಿಗೆ ಎಡಿ ಕರೆಂಟ್ ಬೇಕು, ಅಥವಾ ಅಲ್ಟ್ರಾಸೌಂಡ್, ಕೆಲವೆಡೆ ಎಕ್ಸ್‌ರೇ. ಹೊಸೂರಿನ ಸಿಪ್‌ಕಾಟ್, ಸಿಡ್ಕೋ ಕೈಗಾರಿಕಾ ಎಸ್ಟೇಟುಗಳಲ್ಲಿ ‘ಕ್ರ್ಯಾಕ್ ಚೆಕ್’ ಮಾಡುವ ಶಾಪ್‌ಗಳಿಗೆ ಬರವಿಲ್ಲ. ಕ್ರ್ಯಾಂಕ್‌ಶಾಫ್ಟನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಹುಡಿ ಹರಿಸಿ ಬಿರುಕು ತೋರಿಸುತ್ತಾರೆ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಬಗ್ಗುವುದಿಲ್ಲ, ಆ ವಿಧಾನ ಸ್ಪಾರ್‌ಗೆ ನಿಷ್ಪ್ರಯೋಜಕ. ಡೈ ಪೆನಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ಆಗುತ್ತದೆ, ಆದರೆ ಬಣ್ಣ ತೆಗೆದ ಬರಿಮೈ ಬೇಕು, ಬಿರುಕು ಮೇಲ್ಮೈಗೆ ತೆರೆದಿರಬೇಕು. ವಿಮಾನದ ಭಾಗವಾದರೆ ಪರೀಕ್ಷೆ ಮಾಡುವವರಿಗೆ ಅದಕ್ಕೆ ತಕ್ಕ ಅರ್ಹತೆ, ಸಂಸ್ಥೆಗೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅನುಮೋದನೆ ಎರಡೂ ಇರಬೇಕು.

ಎಡಿ ಕರೆಂಟ್ ಎಂದರೆ ಅಪಾಯವಿಲ್ಲದ ಪರೀಕ್ಷೆ ಎಂದು ಭಾವಿಸಬಾರದು. ಡೇಟೋನಾ ಘಟನೆಯ ನಂತರ ಪೈಪರ್‌ಗಳಿಗೆ ಬಂದ ಆದೇಶದಂತೆ ಕೆಳ ಕ್ಯಾಪಿನ ಬೋಲ್ಟ್ ಹೊರತೆಗೆದು ತೂತಿನೊಳಗೆ ಪ್ರೋಬ್ ಬಿಡಬೇಕು. ಬಿಗಿಯಾಗಿ ಕೂತ ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ತೆಗೆದರೆ ತೂತಿನ ಗೋಡೆಗೆ ಗೀರು ಬೀಳುತ್ತದೆ, ಆ ಗೀರೇ ಮುಂದಿನ ಬಿರುಕಿಗೆ ತವರು. ರೆಕ್ಕೆಯ ಭಾರವನ್ನು ಆಧಾರದ ಮೇಲೆ ಎತ್ತಿ ಬೋಲ್ಟ್ ಸಡಿಲ ಮಾಡಿಕೊಂಡ ಮೇಲೇ ತೆಗೆಯಬೇಕು. ಹೀಗೆ ಮಾಡಲು ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ಎಡವಟ್ಟು ಆಗುವುದೆಲ್ಲ ಆ ಅರ್ಧ ದಿನ ಉಳಿಸಲು ಹೋದಾಗ.

ಉಜ್ಜುವ ಮುನ್ನ, ಉಜ್ಜಿದ ಮೇಲೆ

ಸಿಕ್ಕ ಕರೋಷನ್ ಮೇಲ್ಮೈಯದೇ ಆಗಿದ್ದರೆ ಕೆಲಸ ಸರಳ, ಆದರೆ ಕ್ರಮ ತಪ್ಪಬಾರದು. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಪುಡಿ ಕೆರೆದು, ಸ್ಕಾಚ್‌ಬ್ರೈಟ್ ಅಥವಾ 400 ನಂಬರಿನ ಅಲ್ಯುಮಿನಿಯಂ ಆಕ್ಸೈಡ್ ಕಾಗದದಿಂದ ಹೊಳೆಯುವ ಲೋಹ ಬರುವವರೆಗೆ ಉಜ್ಜಬೇಕು. ಕುಳಿಯ ತಳದಲ್ಲಿ ಒಂದು ಬೂದು ಚುಕ್ಕೆ ಉಳಿದರೂ ಅದು ಪ್ರೈಮರ್ ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಉಕ್ಕಿನ ಉಣ್ಣೆ, ಉಕ್ಕಿನ ಬ್ರಷ್ ಹತ್ತಿರ ತರಬಾರದು. ಅದರ ಚೂರು ಅಲ್ಯುಮಿನಿಯಂನಲ್ಲಿ ಹೂತು ಹೊಸ ಸೆಲ್ ಆಗುತ್ತದೆ. ಗುರುತು ಹಾಕಲು ಪೆನ್ಸಿಲ್ ಕೂಡ ಬೇಡ. ಸೀಸದಕಡ್ಡಿಯ ಗ್ರಾಫೈಟ್ ಅಲ್ಯುಮಿನಿಯಂಗೆ ತಾಮ್ರದಷ್ಟೇ ಕೆಟ್ಟ ನೆರೆ.

ಆಮೇಲೆ ಆಳ ಅಳೆಯಬೇಕು. ಸಾವಿರದಲ್ಲೊಂದು ಇಂಚು, ಅಂದರೆ 0.025 ಮಿ.ಮೀ. ಒಳಗಿದ್ದರೆ ಲಘು, 0.25 ಮಿ.ಮೀ. ವರೆಗೆ ಮಧ್ಯಮ, ಅದರಾಚೆ ತೀವ್ರ. 2.5 ಮಿ.ಮೀ. ದಪ್ಪದ ಅಂಚಿನಲ್ಲಿ ಕಾಲು ಮಿ.ಮೀ. ಹೋದರೆ ಹತ್ತರಲ್ಲೊಂದು ಭಾಗ ಹೋಯಿತು. ‘ಹತ್ತು ಪರ್ಸೆಂಟ್ ವರೆಗೆ ಪರವಾಗಿಲ್ಲ’ ಎಂಬುದು ಹ್ಯಾಂಗರ್‌ಗಳಲ್ಲಿ ಓಡಾಡುವ ಮಾತು. ತಗಡಿಗೆ ಎಲ್ಲೋ ಹೊಂದಬಹುದು, ಸ್ಪಾರ್‌ಗೆ ತಯಾರಕರ ಪುಸ್ತಕದಲ್ಲಿರುವ ಅಂಕಿ ಬಿಟ್ಟು ಬೇರೆ ಅಂಕಿ ಇಲ್ಲ. ಅಲ್ಲಿ ಇಲ್ಲದಿದ್ದರೆ ಪತ್ರ ಬರೆದು ಕೇಳಿ ಪಡೆಯಬೇಕು.

ಅಳತೆ ಮಿತಿಯೊಳಗಿದ್ದರೆ ಕುಳಿಯ ಅಂಚನ್ನು ತಟ್ಟೆಯಂತೆ ಇಳಿಜಾರು ಮಾಡಿ, ಆಸಿಡ್ ವಾಷ್, ಅಲೋಡೈನ್ (ಕರೋಷನ್ ತಡೆಯುವ ರಾಸಾಯನಿಕ) ಲೇಪ, ಎಪಾಕ್ಸಿ ಪ್ರೈಮರ್. ಎಸಿಎಫ್-50, ಕರೋಷನ್‌ಎಕ್ಸ್‌ನಂಥ ಎಣ್ಣೆ ಮಂಜನ್ನು ಒಳಗೆ ಹೊಡೆಸುವುದು ಒಳ್ಳೆಯದೇ, ಸಂದುಗಳಿಗೆ ಇಳಿದು ನೀರನ್ನು ಹೊರದೂಡುತ್ತದೆ; ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಆದರೆ ಅದನ್ನು ತಪಾಸಣೆಗೆ ಮುಂಚೆ ಹೊಡೆದರೆ ಬಿರುಕಿನೊಳಗೆ ಎಣ್ಣೆ ಕೂತು ಡೈ ಪೆನಟ್ರೆಂಟ್ ಒಳಗಿಳಿಯದು, ಬಿರುಕು ಇಲ್ಲವೆಂದೇ ವರದಿ ಬರುತ್ತದೆ. ಮಾರುವವರು ‘ಮೊನ್ನೆಯಷ್ಟೇ ಒಳಗೆಲ್ಲ ಸ್ಪ್ರೇ ಮಾಡಿಸಿದ್ದೇವೆ ಸಾರ್’ ಎಂದರೆ ಸಂತೋಷಪಡುವ ಮೊದಲು ಸ್ಪ್ರೇಗೆ ಮುಂಚಿನ ಫೋಟೋ ಕೇಳಬೇಕು.

ನಿಯಮಗಳ ಬಗ್ಗೆ ಒಂದು ತಕರಾರು ಇದೆ. ವಿಮಾನ ವಿನ್ಯಾಸ ಮಾಡಿದ ದೇಶದ ಕಡ್ಡಾಯ ಆದೇಶಗಳು ಇಲ್ಲಿಯೂ ಕಡ್ಡಾಯವೇ, ಅದರಲ್ಲಿ ಸಂಶಯವಿಲ್ಲ. ಆದರೆ ಆದೇಶ ಬರುವುದು ಎಲ್ಲೋ ರೆಕ್ಕೆ ಬಿದ್ದ ಮೇಲೆ, ಆ ಮಾಡೆಲ್‌ಗೆ ಮಾತ್ರ. ದಿನನಿತ್ಯದ ತಪಾಸಣೆ ಬಹುಪಾಲು 50, 100 ಗಂಟೆಯ ಲೆಕ್ಕದಲ್ಲಿ ನಡೆಯುತ್ತದೆ. ವರ್ಷಕ್ಕೆ ಎಂಟುನೂರು ಗಂಟೆ ಹಾರುವ ವಿಮಾನದ ಮುಚ್ಚಳ ವರ್ಷದಲ್ಲಿ ಎಂಟು ಬಾರಿ ತೆರೆದರೆ, ಶೆಡ್ಡಿನಲ್ಲಿ ನಿಂತದ್ದರದು ವಾರ್ಷಿಕ ತಪಾಸಣೆಗೆ ಒಮ್ಮೆ, ಅದೂ ಆತುರದಲ್ಲಿ. ಐದು ವರ್ಷಕ್ಕೊಮ್ಮೆ ಟ್ಯಾಂಕ್ ಇಳಿಸಿ, ಫೋಮ್ ಕಿತ್ತು, ಸ್ಪಾರ್ ನೋಡಬೇಕು ಎಂಬ ಶರತ್ತನ್ನು ಗಂಟೆಗೆ ಕಟ್ಟದೆ ಕ್ಯಾಲೆಂಡರ್‌ಗೆ ಕಟ್ಟಿ ಪ್ರತಿ ಶಾಲೆ ತನ್ನ ನಿರ್ವಹಣಾ ಯೋಜನೆಯಲ್ಲೇ ಬರೆದುಕೊಳ್ಳಬಹುದು. ಅದಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ.

ಸದ್ಯಕ್ಕೆ ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ರೆಕ್ಕೆಯ ಕೆಳಗಿನ ನೀರುಬಸಿ ತೂತುಗಳು ಬಣ್ಣ ಬಳಿದಾಗ, ಕಣಜ ಮಣ್ಣು ಮೆತ್ತಿದಾಗ ಮುಚ್ಚಿಹೋಗಿರುತ್ತವೆ. ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು, ತಂತಿ ಬೇಡ. ವಿಮಾನ ತೊಳೆಯಲು ಬಟ್ಟೆ ಸೋಪಿನ ಪುಡಿ ಬಳಸುವುದನ್ನು ನಿಲ್ಲಿಸಬೇಕು. ಅದರ ಸೋಡಾ ಅಲ್ಯುಮಿನಿಯಂ ತಿನ್ನುತ್ತದೆ. ಪ್ರೆಷರ್ ವಾಷರ್ ನೀರನ್ನು ತಗಡಿನ ಸಂದಿಗೆ ನುಗ್ಗಿಸುತ್ತದೆ, ಅದೂ ಬೇಡ. ಪ್ರತಿ ವರ್ಷ ಅದೇ ಕಿಂಡಿ, ಅದೇ ಕೋನ, ಅದೇ ರಿವೆಟ್ ಸಾಲಿನ ಫೋಟೋ ತೆಗೆದು, ರಿವೆಟ್ ನಂಬರ್ ಬರೆದು ಲಾಗ್‌ಬುಕ್ ಜೊತೆ ಇಟ್ಟರೆ ಹೋದ ವರ್ಷ ಬಿಳಿ ಉಂಗುರ ಇರದ ರಿವೆಟ್ಟಿಗೆ ಈ ವರ್ಷ ಬಂದಿದೆಯೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.